ಸುಮ್ನೆ ಟ್ರ್ಯಾಕ್ ಹಾಕಿದ್ರೆ ಆಗಲ್ವಾ?

ಆಗುತ್ತೆ. ಖಂಡಿತ ಆಗುತ್ತೆ. ಬಟನ್ ಒತ್ತಿದರೆ ಮ್ಯೂಸಿಕ್ ಬರುತ್ತೆ ಅನ್ನೋದು ನನಗೂ ಗೊತ್ತು.

ನಾನು ಸಮಕಾಲೀನ ನೃತ್ಯ ಸಂಯೋಜನೆ ಮಾಡುತ್ತೇನೆ, ವಾದ್ಯ ನುಡಿಸುವವರನ್ನೂ ವೇದಿಕೆ ಮೇಲೇ ಕೂರಿಸುತ್ತೇನೆ. ಅದಕ್ಕೇ ಈ ಪ್ರಶ್ನೆ. ಇಷ್ಟು ಖರ್ಚು, ಇಷ್ಟು ಒದ್ದಾಟ ಯಾಕೆ, ಸುಮ್ನೆ ಟ್ರ್ಯಾಕ್ ಹಾಕಬಾರದಾ ಅಂತ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ.

ಒಮ್ಮೆ ಪ್ರದರ್ಶನ ಮುಗಿದ ಮೇಲೆ ಪ್ರೇಕ್ಷಕರ ಜೊತೆ ಮಾತುಕತೆ ಇತ್ತು. ಒಬ್ಬರು ಮೈಕ್ ತಗೊಂಡು, "ಮೇಡಂ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡು ಕೇಳಿದೆ, ಥೇಟ್ ರೆಕಾರ್ಡಿಂಗ್ ಥರಾನೇ ಇತ್ತು" ಅಂದರು. ಅವರ ಲೆಕ್ಕದಲ್ಲಿ ಅದು ಹೊಗಳಿಕೆ. ಡ್ಯಾನ್ಸ್ ನೋಡೋಕೆ ಬಂದು ಕಣ್ಣು ಮುಚ್ಚಿದ್ದರು! ಚೆಲ್ಲೋ, ಅಂದರೆ ಕೂತು ನುಡಿಸುವ ದೊಡ್ಡ ಪಿಟೀಲಿನಂಥ ವಾದ್ಯ, ಅದನ್ನು ನುಡಿಸಿದವರು ತಲೆ ತಗ್ಗಿಸಿ ವಾದ್ಯ ಒರೆಸುತ್ತಾ ಕೂತರು. ನಾನು ಹಲ್ಲು ಕಿರಿದು ಥ್ಯಾಂಕ್ಸ್ ಹೇಳಿದೆ.

ಅವತ್ತು ಅವರು ನೋಡದೇ ಬಿಟ್ಟದ್ದು ಏನು ಅಂತ ಈಗ ಹೇಳುತ್ತೇನೆ. ಒಬ್ಬಳು ಒಂಟಿ ಕಾಲಿನ ಮೇಲೆ ನಿಂತು ಮುಂದಕ್ಕೆ ವಾಲುವ ಜಾಗ ಇದೆ. ಎತ್ತಿದ ಕಾಲಿನ ಹಿಮ್ಮಡಿ ನೆಲ ಮುಟ್ಟುವ ತನಕ ಚೆಲ್ಲೋದಲ್ಲಿ ಒಂದೇ ಸ್ವರ. ಅವತ್ತು ಅವಳ ಬ್ಯಾಲೆನ್ಸ್ ಎಷ್ಟು ಚೆನ್ನಾಗಿ ನಿಂತಿತ್ತು ಅಂದರೆ ಕಾಲು ಇಳಿಸಲೇ ಇಲ್ಲ. ಚೆಲ್ಲೋದವರ ಕಣ್ಣು ಹಾಳೆ ಮೇಲಿಲ್ಲ, ಹಿಮ್ಮಡಿ ಮೇಲಿದೆ. ಕೈಯಲ್ಲಿರುವ ಕಮಾನು ತುದಿಗೆ ಬರ್ತಾ ಇದೆ, ಇನ್ನು ಎಳೆಯೋಕೆ ಜಾಗ ಇಲ್ಲ. ಎಳೆತ ನಿಧಾನ ಮಾಡಿದರು, ಸ್ವರ ಸಣ್ಣಗಾಯಿತು, ಗರಗರ ಅಂದಿತು, ಆದರೆ ಕಡಿಯಲಿಲ್ಲ. ಹಿಮ್ಮಡಿ ಇಳಿಯಿತು, ಕಮಾನು ತಿರುಗಿತು. ಟ್ರ್ಯಾಕ್ ಆಗಿದ್ದರೆ ಅದರ ಪಾಡಿಗೆ ಅದು ಮುಂದೆ ಹೋಗಿರುತ್ತಿತ್ತು, ಇವಳು ಹಿಂದೆ ಓಡಬೇಕಿತ್ತು.

ಹಾಗಂತ ಲೈವ್ ಅಂದರೆ ಸ್ವರ್ಗ ಅಂತೇನೂ ಅಲ್ಲ. ಜನ ತುಂಬಿದ್ದು ಕಂಡರೆ ತಾಳವಾದ್ಯದವರಿಗೆ ಹುರುಪು ಬರುತ್ತೆ, ಲಯ ಏರುತ್ತೆ. ನಿಮಿಷಕ್ಕೆ 120 ಬೀಟ್ ಇದ್ದರೆ ಒಂದು ಬೀಟ್ ಅರ್ಧ ಸೆಕೆಂಡು. 30 ಸೆಂಟಿಮೀಟರ್ ಎತ್ತರ ಹಾರಿ ಇಳಿಯೋಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಅವರು 132ಕ್ಕೆ ಏರಿಸಿದರೆ ಬೀಟ್ 0.45 ಸೆಕೆಂಡಿಗೆ ಇಳಿಯುತ್ತೆ. ಅದಕ್ಕೆ ತಕ್ಕ ಹಾಗೆ ಭೂಮಿ ಜೋರಾಗಿ ಎಳೆಯಲ್ಲ, ಅಲ್ವಾ? ಡ್ಯಾನ್ಸರ್ ಹಾರೋದನ್ನೇ ಗಿಡ್ಡ ಮಾಡಬೇಕು. ಗ್ರೀನ್ ರೂಮಿನಲ್ಲಿ ಆಮೇಲೆ ನಡೆಯೋ ಮಾತು ಇಲ್ಲಿ ಬರೆಯೋ ಹಾಗಿಲ್ಲ. ಜೊತೆಗೆ, ಸ್ವರದ ಹಾಳೆಗೆ ಹಾಕಿದ ಸಣ್ಣ ದೀಪದ ಬೆಳಕು ಸೋರಿ ನಮ್ಮ ಕಗ್ಗತ್ತಲೆಯನ್ನು ಹಾಳು ಮಾಡುತ್ತೆ ಅಂತ ಲೈಟಿಂಗ್‌ನವರ ಗೋಳು ಬೇರೆ.

ಸ್ವಲ್ಪ ಓದಿಕೊಂಡವರು ಅಮೆರಿಕದ ನೃತ್ಯ ಸಂಯೋಜಕ ಮರ್ಸ್ ಕನ್ನಿಂಗ್‌ಹ್ಯಾಮ್ ಮತ್ತು ಅವರ ಜೊತೆಗಾರ, ಸಂಗೀತ ಸಂಯೋಜಕ ಜಾನ್ ಕೇಜ್ ಹೆಸರು ತೆಗೆಯುತ್ತಾರೆ. ಅವರು ನೃತ್ಯವನ್ನೇ ಬೇರೆ, ಸಂಗೀತವನ್ನೇ ಬೇರೆ ಮಾಡುತ್ತಿದ್ದರಲ್ಲ, ನಿಮಗ್ಯಾಕೆ ಈ ಗೋಜು ಅಂತ. ನಿಜ. ಆ ಡ್ಯಾನ್ಸರ್‌ಗಳು ಸ್ಟಾಪ್‌ವಾಚ್ ಲೆಕ್ಕದಲ್ಲಿ ಅಭ್ಯಾಸ ಮಾಡುತ್ತಿದ್ದರು, ಎಷ್ಟೋ ಸಲ ಸಂಗೀತ ಮೊದಲು ಕಿವಿಗೆ ಬೀಳುತ್ತಿದ್ದದ್ದೇ ಮೊದಲ ಪ್ರದರ್ಶನದಲ್ಲಿ. ಅಂದರೆ ಅಲ್ಲಿ ಯಾರೂ ಯಾರಿಗೂ ಕಾಯಬೇಕಾಗಿರಲಿಲ್ಲ. ಆದರೆ ಆ ಸಂಗೀತ ನುಡಿಸಲೂ ಜನ ಬಂದು ಕೂರುತ್ತಿದ್ದರು ಸ್ವಾಮಿ, ಅದನ್ನು ಮಾತ್ರ ಎಲ್ಲರೂ ಮರೆಯುತ್ತಾರೆ.

ಕಾಯೋದು, ಅದನ್ನು ಕೇಳಿ ನನ್ನ ಹತ್ತಿರ. ಯಾವ ಜಾಗದಲ್ಲಿ ಯಾರು ಯಾರಿಗೆ ಕಾಯಬೇಕು ಅಂತ ಹೇಗೆ ತೀರ್ಮಾನ ಮಾಡ್ತೀರಿ ಅಂತ. ರಿಹರ್ಸಲ್‌ನಲ್ಲಿ ಅರ್ಧ ಹೊತ್ತು ಇದೇ ಜಗಳ. ನಮ್ಮ ಡ್ಯಾನ್ಸರ್‌ಗಳು ಎಂಟೆಂಟು ಎಣಿಸುತ್ತಾರೆ, ವಾದ್ಯದವರು ಏಳೇಳು ಎಣಿಸಿ ನುಡಿಸುತ್ತಾರೆ, ಇಬ್ಬರ "ಒಂದು" ಒಟ್ಟಿಗೆ ಬೀಳೋದು 56 ಎಣಿಕೆಗೊಮ್ಮೆ. ನೆಗೆತ ಇರುವ ಕಡೆ ಡ್ಯಾನ್ಸರ್ ಹೇಳಿದ್ದೇ ಲಯ. ಗುಂಪು ಓಡುವ ಕಡೆ ಡ್ರಮ್ ಹೇಳಿದ್ದೇ ಲಯ. ಒಂದರಿಂದ ಇನ್ನೊಂದಕ್ಕೆ ದಾಟುವಾಗ ಯಜಮಾನಿಕೆ ಯಾರದು? ಒಂದು ಉಸಿರಿಗೋ, ಭುಜ ಏರೋದಕ್ಕೋ ಒಪ್ಪಿಸೋಕೆ ಒಂದೊಂದು ಸಲ ಇಡೀ ಸಂಜೆ ಹೋಗುತ್ತೆ.

ಇದನ್ನು ಕೇಳಿದರೆ ಎಷ್ಟು ಹೊತ್ತಾದರೂ ಕೂತು ಮಾತಾಡುತ್ತೇನೆ. ಟ್ರ್ಯಾಕ್ ವಿಷಯ ಆದರೆ ಹಾಲ್‌ನ ಹಿಂದುಗಡೆ ಸೌಂಡ್‌ನವರು ಇರುತ್ತಾರೆ, ಅವರನ್ನು ವಿಚಾರಿಸಿ.