ಮಹಾವ್ಯಾಧನ ಕತ್ತಿ ಒಂದೇ ಚೌಕಟ್ಟಿನಲ್ಲಿ: ಮೂರು ಅಮಾವಾಸ್ಯೆಗಳ ಕೆಲಸ

ಈ ಚಳಿಗಾಲಕ್ಕೆ ಇಟ್ಟುಕೊಂಡ ಗುರಿ ಒಂದೇ ಚಿತ್ರ. ಮೇಲಂಚಿನಲ್ಲಿ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಸೊಂಟಪಟ್ಟಿಯ ಮೂರು ನಕ್ಷತ್ರ, ಎಡ ಮಗ್ಗುಲಲ್ಲಿ ಜ್ವಾಲೆ ಮತ್ತು ಕುದುರೆತಲೆ ನೀಹಾರಿಕೆ, ಕೆಳಗೆ ಕತ್ತಿಯುದ್ದಕ್ಕೂ ಎನ್‌ಜಿಸಿ 1977, ಎಂ43, ಎಂ42 ಎಂಬ ನೀಹಾರಿಕೆಗಳು. ನೋಡುವವರಿಗೆ ಇವು ಬೇರೆಬೇರೆ ಹೆಸರು. ನಿಜದಲ್ಲಿ ಈ ನೀಹಾರಿಕೆಗಳೆಲ್ಲವೂ ಸುಮಾರು 1,350 ಜ್ಯೋತಿರ್ವರ್ಷ ದೂರದ ಒಂದೇ ಅನಿಲ ಮೋಡದ ಕುಟುಂಬ. ಆ ತಣ್ಣನೆಯ ಕಪ್ಪು ಮೋಡದ ಮೈಮೇಲೆ, ನಮ್ಮ ಕಡೆಗೆ ಬಾಯಿ ತೆರೆದುಕೊಂಡಿರುವ ಬೆಳಕಿನ ಬಟ್ಟಲು ಎಂ42. ಅದರೊಳಗಿನ ಟ್ರಪೀಸಿಯಂ ಗುಂಪಿನ ಎಳೆಯ ನಕ್ಷತ್ರಗಳು, ಮುಖ್ಯವಾಗಿ ಥೀಟಾ-1 ಓರಿಯೋನಿಸ್ ಸಿ, ಸುತ್ತಲಿನ ಜಲಜನಕವನ್ನು ಅಯಾನುಗೊಳಿಸಿ ಹೊಳೆಯಿಸುತ್ತಿವೆ. ಬಟ್ಟಲಿನ ಹಿಂದಿನ ಮೋಡದಲ್ಲಿ ಇನ್ನೂ ನಕ್ಷತ್ರಗಳು ಹುಟ್ಟುತ್ತಲೇ ಇವೆ.

ಸಲಕರಣೆ, ಲೆಕ್ಕ

ಕ್ಯಾನನ್ 600ಡಿ, ಒಳಗಿನ ಫಿಲ್ಟರ್ ತೆಗೆಯದೆ ಇದ್ದ ಹಾಗೇ. 200 ಮಿ.ಮೀ. ಎಫ್/2.8 ಲೆನ್ಸು. ಟ್ರೈಪಾಡ್ ಮೇಲೆ ಆಕಾಶದ ತಿರುಗಾಟಕ್ಕೆ ಸರಿಯಾಗಿ ಕ್ಯಾಮೆರಾ ತಿರುಗಿಸುವ ಸಣ್ಣ ಸ್ಟಾರ್ ಟ್ರ್ಯಾಕರ್, ಅದರ ತಪ್ಪನ್ನು ತಾನೇ ತಿದ್ದುವ ಆಟೋಗೈಡಿಂಗ್ ಇಲ್ಲ. ಈ ಜೋಡಿಗೆ ಆಕಾಶದ ಅಗಲ 6.4 × 4.3 ಡಿಗ್ರಿ. ಕ್ಯಾಮೆರಾವನ್ನು ಉದ್ದಕ್ಕೆ ನಿಲ್ಲಿಸಿದರೆ ಸೊಂಟಪಟ್ಟಿಯ ಮೇಲಿನ ನಕ್ಷತ್ರ ಮಿಂಟಾಕಾದಿಂದ ಕತ್ತಿಯ ತುದಿಯವರೆಗೆ ಸರಿಯಾಗಿ ಹಿಡಿಯುತ್ತದೆ, ಜಾಗ ಹೆಚ್ಚು ಮಿಗುವುದಿಲ್ಲ.

ಪಿಕ್ಸೆಲ್ ಗಾತ್ರ 4.3 ಮೈಕ್ರಾನ್. ಅದನ್ನು 200ರಿಂದ ಭಾಗಿಸಿ 206ರಿಂದ ಗುಣಿಸಿದರೆ ಒಂದು ಪಿಕ್ಸೆಲ್‌ಗೆ 4.4 ಆರ್ಕ್‌ಸೆಕೆಂಡ್. (ಡಿಗ್ರಿಯ 3,600ರಲ್ಲಿ ಒಂದು ಪಾಲು ಒಂದು ಆರ್ಕ್‌ಸೆಕೆಂಡ್, ಅಂಥ 60 ಸೇರಿದರೆ ಆರ್ಕ್‌ಮಿನಿಟ್.) ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ತಿರುಗುತ್ತದೆ. ಅಂದರೆ ಟ್ರ್ಯಾಕರ್ ಇಲ್ಲದಿದ್ದರೆ ಸೆಕೆಂಡಿನ ಮೂರನೇ ಒಂದು ಪಾಲಿನಲ್ಲೇ ನಕ್ಷತ್ರ ಒಂದು ಪಿಕ್ಸೆಲ್ ದಾಟುತ್ತದೆ. ಮುಂದಿನ ಎಲ್ಲ ನಿರ್ಧಾರಗಳಿಗೂ ಈ 4.4ರ ಲೆಕ್ಕವೇ ಆಧಾರ.

ಕಾರ್ತಿಕ ಅಮಾವಾಸ್ಯೆ, ಬಾಗೇಪಲ್ಲಿ ಕಡೆಯ ಹೊಲ

ಎಂ42 ಇಲ್ಲಿ 71 ಡಿಗ್ರಿ ಎತ್ತರಕ್ಕೆ ಏರುತ್ತದೆ, ಆ ಲೆಕ್ಕದಲ್ಲಿ ನಮ್ಮದು ಪುಣ್ಯದ ಅಕ್ಷಾಂಶ. ಆದರೆ ಧ್ರುವ ನಕ್ಷತ್ರ ಬರೀ 14 ಡಿಗ್ರಿ ಎತ್ತರದಲ್ಲಿ, ಬೆಟ್ಟಸಾಲು ಮತ್ತು ಧೂಳಿನ ಪದರದ ಅಂಚಿಗೇ ಕೂತಿರುತ್ತದೆ. ಜಾಗ ಹುಡುಕುವವರು ದಕ್ಷಿಣ ತೆರವಿದೆಯೇ ಎಂದು ನೋಡುತ್ತಾರೆ. ಇಲ್ಲಿ ಮೊದಲು ನೋಡಬೇಕಾದ್ದು ಉತ್ತರ. ಹುಣಸೆಮರವೊಂದು ಅಡ್ಡ ಬಂದರೂ ಸಾಕು, ಧ್ರುವ ನಕ್ಷತ್ರಕ್ಕೆ ಗುರಿಯಿಡುವ ಪೋಲಾರ್ ಸ್ಕೋಪ್ ಇದ್ದೂ ಇಲ್ಲದಂತೆ.

ಟ್ರ್ಯಾಕರ್‌ನ ಅಕ್ಷ ಇಷ್ಟು ಮಲಗಿರುವಾಗ ಭಾರವೆಲ್ಲ ಉತ್ತರಕ್ಕೆ ಚಾಚಿಕೊಳ್ಳುತ್ತದೆ. ಟ್ರೈಪಾಡ್‌ನ ಒಂದು ಕಾಲು ನೇರ ಉತ್ತರಕ್ಕೆ ಬರಲಿ, ನಡುಗಂಬ ಎತ್ತಬೇಡಿ, ಉಳುಮೆ ಮಾಡಿದ ಮಣ್ಣಾದರೆ ಮೂರೂ ಕಾಲಿನ ಕೆಳಗೆ ಚಪ್ಪಡಿ ಚೂರು ಇಡಿ.

ಧ್ರುವ ಜೋಡಣೆ, ಅಂದರೆ ಟ್ರ್ಯಾಕರ್‌ನ ಅಕ್ಷವನ್ನು ಆಕಾಶದ ಧ್ರುವಕ್ಕೆ ಗುರಿಯಿಡುವುದು, ಎಷ್ಟು ನಿಖರ ಬೇಕು? ಜೋಡಣೆಯಲ್ಲಿ ಒಂದು ಆರ್ಕ್‌ಮಿನಿಟ್ ತಪ್ಪಾದರೆ ನಕ್ಷತ್ರ ನಿಮಿಷಕ್ಕೆ ಹೆಚ್ಚೆಂದರೆ 0.26 ಆರ್ಕ್‌ಸೆಕೆಂಡ್ ಜಾರುತ್ತದೆ. 10 ಆರ್ಕ್‌ಮಿನಿಟ್ ತಪ್ಪಿದರೂ 2.6, ಅಂದರೆ ಅರ್ಧ ಪಿಕ್ಸೆಲ್ ಚಿಲ್ಲರೆ. ಅಷ್ಟು ಎತ್ತರದಲ್ಲಿ ವಾತಾವರಣ ಧ್ರುವ ನಕ್ಷತ್ರವನ್ನು ಮೇಲಕ್ಕೆತ್ತಿ ತೋರಿಸುವುದು ಸುಮಾರು 4 ಆರ್ಕ್‌ಮಿನಿಟ್, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲ. ಜೋಡಣೆಗೆ ಗಂಟೆಗಟ್ಟಲೆ ಸಮಯ ಸುರಿಯುವುದು ಈ ಲೆನ್ಸಿಗೆ ದಂಡ.

ಐಎಸ್‌ಒ 800, ಎಫ್/4, 60 ಸೆಕೆಂಡಿನ 96 ಫ್ರೇಮ್ ತೆಗೆದದ್ದಾಯಿತು. ಅದರಲ್ಲಿ 38 ಕೆಟ್ಟವು, ನಕ್ಷತ್ರಗಳು ಅಕ್ಕಿಕಾಳಿನಂತೆ ಉದ್ದ. ಮೊದಲ ಅನುಮಾನ ಧ್ರುವ ಜೋಡಣೆಯ ಮೇಲೇ ಹೋಗುತ್ತದೆ. ಆದರೆ ಅದು ಕಾರಣವಾಗಿದ್ದರೆ ಎಲ್ಲ ಫ್ರೇಮೂ ಒಂದೇ ಸಮ ಕೆಡಬೇಕಿತ್ತು. ಇಲ್ಲಿ ಸಾಲಾಗಿ ಎರಡು ಕೆಟ್ಟದ್ದು, ಮೂರು ಒಳ್ಳೆಯದು, ಮತ್ತೆ ಎರಡು ಕೆಟ್ಟದ್ದು, ಅದೂ ಪೂರ್ವ-ಪಶ್ಚಿಮ ದಿಕ್ಕಿನಲ್ಲೇ ಎಳೆದದ್ದು. ಇದು ಗೇರಿನ ಗುರುತು. ಟ್ರ್ಯಾಕರ್ ಒಳಗಿನ ವರ್ಮ್ ಗೇರ್ ಸುಮಾರು 10 ನಿಮಿಷಕ್ಕೊಂದು ಸುತ್ತು ಬರುತ್ತದೆ, ಪ್ರತಿ ಸುತ್ತಿನಲ್ಲೂ ಒಮ್ಮೆ ತುಸು ಮುಂದೆ ಓಡಿ ಒಮ್ಮೆ ಹಿಂದೆ ಬೀಳುತ್ತದೆ. ಅಳೆದಾಗ ಆಚೀಚೆ 20 ಆರ್ಕ್‌ಸೆಕೆಂಡ್ ತೂಗಾಟ. ತೂಗಾಟದ ತುದಿಗಳಲ್ಲಿ ವೇಗ ಕಡಿಮೆ, ಆ ಫ್ರೇಮ್ ಉಳಿಯುತ್ತವೆ. ನಡುಭಾಗ ದಾಟುವಾಗ ನಿಮಿಷಕ್ಕೆ 12ಕ್ಕೂ ಹೆಚ್ಚು ಆರ್ಕ್‌ಸೆಕೆಂಡ್, ಸುಮಾರು ಮೂರು ಪಿಕ್ಸೆಲ್. ಪರಿಹಾರ ಸರಳ: ಎಕ್ಸ್‌ಪೋಷರ್ ಅರ್ಧ ಮಾಡಿ, ಸಂಖ್ಯೆ ಹೆಚ್ಚಿಸಿ.

ಇನ್ನೊಂದು ತಪ್ಪು ಡಾರ್ಕ್ ಫ್ರೇಮಿನದು, ಅಂದರೆ ಸೆನ್ಸರಿನ ಬಿಸಿ ಪಿಕ್ಸೆಲ್ ಕಳೆಯಲು ಮುಚ್ಚಳ ಹಾಕಿ ತೆಗೆಯುವ ಕಪ್ಪು ಚಿತ್ರದ್ದು. ಮರುದಿನ ಮನೆಯಲ್ಲಿ 26 ಡಿಗ್ರಿ ಬಿಸಿಯಲ್ಲಿ ತೆಗೆದ ಡಾರ್ಕ್, ಹೊಲದಲ್ಲಿ 14 ಡಿಗ್ರಿಯಲ್ಲಿ ತೆಗೆದ ಚಿತ್ರಕ್ಕೆ ಹೊಂದುವುದಿಲ್ಲ. ಬಿಸಿ ಪಿಕ್ಸೆಲ್ ಇದ್ದ ಕಡೆಯೆಲ್ಲ ಅಗತ್ಯಕ್ಕಿಂತ ಹೆಚ್ಚು ಕಳೆದು ಕಪ್ಪು ಚುಕ್ಕಿ ಉಳಿದವು. ಈಗ ಸಾಮಾನು ಕಟ್ಟುವ ಅರ್ಧ ಗಂಟೆಯಲ್ಲಿ, ಲೆನ್ಸಿಗೆ ಮುಚ್ಚಳ ಹಾಕಿ, ಅದೇ ಐಎಸ್‌ಒ, ಅದೇ ಅವಧಿಯಲ್ಲಿ ಅಲ್ಲೇ ತೆಗೆಯುವುದು.

ಎಳ್ಳಮಾವಾಸ್ಯೆ, ಅದೇ ಹೊಲ

30 ಸೆಕೆಂಡಿನ 240 ಫ್ರೇಮ್, ಉಳಿದದ್ದು 205. ಒಟ್ಟು 1 ಗಂಟೆ 42 ನಿಮಿಷ. ಎಂ42ರ ನಡುಭಾಗ 30 ಸೆಕೆಂಡಿಗೆ ಪೂರ್ತಿ ಬೆಳ್ಳಗಾಗುತ್ತದೆ, ಅದಕ್ಕೆಂದೇ 5 ಸೆಕೆಂಡಿನ 40 ಮತ್ತು 2 ಸೆಕೆಂಡಿನ 20 ಬೇರೆ. ಟ್ರಪೀಸಿಯಂನ ನಾಲ್ಕು ನಕ್ಷತ್ರ ಬಿಡಿಬಿಡಿಯಾಗಿ ಕಾಣಲಿ ಎಂಬ ಆಸೆಯನ್ನು ಈ ಲೆನ್ಸಿನಿಂದ ಇಟ್ಟುಕೊಳ್ಳಬಾರದು. ಸಿ ಮತ್ತು ಡಿ ನಡುವೆ 13 ಆರ್ಕ್‌ಸೆಕೆಂಡ್, ಅಂದರೆ ಮೂರೇ ಪಿಕ್ಸೆಲ್.

ಫೋಕಸ್ ಹೊಳೆಯುವ ರೈಜೆಲ್ ನಕ್ಷತ್ರದ ಮೇಲೆ, ಬಹ್ತಿನೋವ್ ಮಾಸ್ಕ್ (ನಕ್ಷತ್ರದ ಬೆಳಕನ್ನು ಮೂರು ಗೆರೆಯಾಗಿ ತೋರಿಸುವ ಸೀಳುಗಳ ಮುಚ್ಚಳ) ಹಾಕಿ, ಲೈವ್ ವ್ಯೂ 10 ಪಟ್ಟು ಹಿಗ್ಗಿಸಿ. ಮೂರು ಗೆರೆಗಳಲ್ಲಿ ನಡುಗೆರೆ ಸರಿಮಧ್ಯಕ್ಕೆ ಬಂದ ಮೇಲೆ ರಿಂಗಿಗೆ ಟೇಪು. ಉಷ್ಣಾಂಶ ಮೂರ್ನಾಲ್ಕು ಡಿಗ್ರಿ ಇಳಿದಾಗಲೆಲ್ಲ ಮತ್ತೊಮ್ಮೆ ನೋಡಬೇಕು. ನಡುರಾತ್ರಿ ದಾಟಿದ ಮೇಲೆ ಇಬ್ಬನಿ ಬೀಳುತ್ತದೆ. ಲೆನ್ಸಿನ ಮೂತಿಗೆ ಯುಎಸ್‌ಬಿ ಹೀಟರ್ ಪಟ್ಟಿಯನ್ನು ಇಬ್ಬನಿ ಕೂರುವ ಮೊದಲೇ ಕಟ್ಟಬೇಕು, ಕೂತ ಮೇಲೆ ಒಣಗಿಸಲು ಇಪ್ಪತ್ತು ನಿಮಿಷ ಹಾಳು.

ಪ್ರತಿ 20 ಫ್ರೇಮಿಗೊಮ್ಮೆ ಚೌಕಟ್ಟನ್ನು ಕೈಯಿಂದಲೇ ಹತ್ತು ಹದಿನೈದು ಪಿಕ್ಸೆಲ್ ಆಚೀಚೆ ಸರಿಸಿದ್ದು ಈ ಸಲದ ದೊಡ್ಡ ಲಾಭ. ಸರಿಸದಿದ್ದರೆ ಸೆನ್ಸರಿನ ಸ್ಥಿರ ಕಲೆಗಳು ನಿಧಾನ ಜಾರುವಿಕೆಯ ಜೊತೆ ಸೇರಿ, ಜೋಡಿಸಿದ ಚಿತ್ರದಲ್ಲಿ ಮಳೆಗೆರೆಯಂತೆ ಓರೆಯಾಗಿ ಹರಿಯುತ್ತವೆ. ಸರಿಸಿದರೆ, ಫ್ರೇಮುಗಳನ್ನು ಒಂದರ ಮೇಲೊಂದು ಜೋಡಿಸುವ ತಂತ್ರಾಂಶ ಸಿರಿಲ್‌ನ ಸಿಗ್ಮಾ ಕ್ಲಿಪಿಂಗ್ ಅವನ್ನು ಹೊರಗಿನವೆಂದು ಗುರುತಿಸಿ ತೆಗೆದುಹಾಕುತ್ತದೆ. ಅಂಚಿನ ಮಬ್ಬು, ಧೂಳಿನ ಕಲೆ ಸರಿಪಡಿಸುವ ಫ್ಲಾಟ್ ಚಿತ್ರ ತೆಗೆದದ್ದು ಬೆಳಗಿನ ಆಕಾಶಕ್ಕೆ, ಲೆನ್ಸಿನ ಬಾಯಿಗೆ ಬಿಳಿ ಪಂಚೆ ಎರಡು ಮಡಿಕೆ ಬಿಗಿದು, ಫೋಕಸ್ ಮುಟ್ಟದೆ.

ಫಲ: ಎನ್‌ಜಿಸಿ 1977ರ ನೀಲಿ ಚೆನ್ನಾಗಿ ಬಂದಿದೆ. ಎಂ42 ಮತ್ತು ಎಂ43 ನಡುವಿನ ಕಪ್ಪು ಧೂಳಿನ ನಾಲಿಗೆಯ ಅಂಚು ಹರಿತವಾಗಿದೆ. ಕುದುರೆತಲೆ ಮಾತ್ರ ಮಸುಕು. ಅದರ ಹಿಂದಿನ ಕೆಂಪು ಪರದೆ ಜಲಜನಕದ ಎಚ್-ಆಲ್ಫಾ ಬೆಳಕು, 656.3 ನ್ಯಾನೋಮೀಟರ್. ಮಾರ್ಪಾಡು ಮಾಡದ ಕ್ಯಾಮೆರಾದ ಒಳಗಿನ ಫಿಲ್ಟರ್ ಅದರಲ್ಲಿ ಸುಮಾರು ಕಾಲು ಪಾಲನ್ನಷ್ಟೇ ಒಳಗೆ ಬಿಡುತ್ತದೆ.

ಶುಕ್ಲಪಕ್ಷ, ಬೆಂಗಳೂರಿನ ಮಹಡಿ

ಆ ಕೆಂಪಿನ ಕೊರತೆ ತುಂಬಲು ಕ್ಯಾಮೆರಾದೊಳಗೆ ಕೂರುವ ಡ್ಯುಯಲ್-ಬ್ಯಾಂಡ್ ಫಿಲ್ಟರ್. ಎಚ್-ಆಲ್ಫಾ ಮತ್ತು ಆಮ್ಲಜನಕದ ಓ-ತ್ರೀ, ತಲಾ 7 ನ್ಯಾನೋಮೀಟರ್ ಕಿಂಡಿ. ಬೀದಿದೀಪ, ಬೆಳದಿಂಗಳು ಬಹುಪಾಲು ಹೊರಗೇ ಉಳಿಯುತ್ತವೆ. ಎಫ್/2.8ಕ್ಕೆ ಹೋದರೆ ಬೆಳಕು ಇಮ್ಮಡಿ ಸಿಗುತ್ತದಲ್ಲ ಎನಿಸುತ್ತದೆ, ಆದರೆ ಲೆನ್ಸಿನ ಅಂಚಿನಿಂದ ಓರೆಯಾಗಿ ಬರುವ ಕಿರಣಗಳಿಗೆ ಫಿಲ್ಟರಿನ ಕಿಂಡಿ ಸುಮಾರು 3 ನ್ಯಾನೋಮೀಟರ್ ನೀಲಿ ಕಡೆಗೆ ಸರಿಯುತ್ತದೆ. 7ರ ಕಿಂಡಿಯಲ್ಲಿ ಎಚ್-ಆಲ್ಫಾ ಅಂಚಿಗೆ ಬಂದು ನಿಲ್ಲುತ್ತದೆ. ಎಫ್/4ರಲ್ಲಿ ಈ ಸರಿಯುವಿಕೆ ಅರ್ಧ, ಹಾಗಾಗಿ ಅಲ್ಲೇ ನಿಂತೆವು. ಫಿಲ್ಟರಿನ ಗಾಜು ಫೋಕಸನ್ನೂ ಬದಲಿಸುತ್ತದೆ, ಹಳೆಯ ಟೇಪಿನ ಗುರುತು ಕೆಲಸಕ್ಕೆ ಬಾರದು.

ಓ-ತ್ರೀ ಗೆರೆಗೆ ಒಳ್ಳೆಯ ಚರಿತ್ರೆಯಿದೆ. 1864ರಲ್ಲಿ ವಿಲಿಯಂ ಹಗಿನ್ಸ್ ನೀಹಾರಿಕೆಯೊಂದರ ವರ್ಣಪಟಲದಲ್ಲಿ ಭೂಮಿಯ ಯಾವ ಧಾತುವಿಗೂ ಹೊಂದದ ಹಸಿರು ಗೆರೆ ಕಂಡರು. ಅದಕ್ಕೆ ‘ನೆಬ್ಯುಲಿಯಂ’ ಎಂಬ ಹೊಸ ಧಾತುವನ್ನೇ ಊಹಿಸಲಾಯಿತು. 1927ರಲ್ಲಿ ಐರಾ ಬೋವೆನ್ ಬಿಡಿಸಿದರು: ಎರಡು ಎಲೆಕ್ಟ್ರಾನ್ ಕಳೆದುಕೊಂಡ ಮಾಮೂಲಿ ಆಮ್ಲಜನಕವೇ ಅದು. ಅತಿ ವಿರಳ ಅನಿಲದಲ್ಲಿ, ಇನ್ನೊಂದು ಕಣ ಬಂದು ಡಿಕ್ಕಿ ಹೊಡೆಯುವಷ್ಟರಲ್ಲಿ ಬೆಳಕು ಬಿಡಲು ಪುರಸೊತ್ತು ಸಿಕ್ಕಾಗ ಮಾತ್ರ ಆ ಗೆರೆ ಕಾಣುತ್ತದೆ.

ಮೂರು ರಾತ್ರಿಗಳಿಂದ 30 ಸೆಕೆಂಡಿನ 420 ಫ್ರೇಮ್, ಐಎಸ್‌ಒ 1600. ಸಿರಿಲ್‌ನಲ್ಲಿ ಎರಡು ಗೆರೆಗಳನ್ನು ಬೇರ್ಪಡಿಸಿದಾಗ ಕುದುರೆತಲೆಯ ಕತ್ತು ಸ್ಪಷ್ಟ. ಎನ್‌ಜಿಸಿ 1977ರ ನೀಲಿ ಮಾತ್ರ ಮಾಯ. ಅದು ಧೂಳು ಚದುರಿಸಿದ ನಕ್ಷತ್ರದ ಬೆಳಕು, ಎಲ್ಲ ತರಂಗಾಂತರಗಳಲ್ಲೂ ಹರಡಿರುವಂಥದ್ದು, ಕಿರುಗಿಂಡಿಯಲ್ಲಿ ತೂರುವುದಿಲ್ಲ. ಪ್ರತಿಫಲನ ನೀಹಾರಿಕೆಗೆ ಕತ್ತಲ ಊರೇ ಬೇಕು, ಯಾವ ಫಿಲ್ಟರಿಗೂ ಅದನ್ನು ನಗರಕ್ಕೆ ತರಲಾಗದು.

ಅವರಾತ್ರಿ ಅಮಾವಾಸ್ಯೆ: ಬಣ್ಣ ಕೂಡಿಸುವುದು

ಎರಡೂ ದತ್ತಾಂಶ ಬೆರೆಸಿದ ಮೊದಲ ಕರಡಿನಲ್ಲಿ ಜಲಜನಕ ಕೆಂಪು, ಆಮ್ಲಜನಕ ಹಸಿರುನೀಲಿ. ಈ ಬಣ್ಣಗಳಿಗೆ ಎಲ್ಲರೂ ಒಗ್ಗಿಹೋಗಿದ್ದಾರೆ. ಆದರೆ ತಂಡದಲ್ಲಿ ಕೆಂಪು-ಹಸಿರು ಭೇದ ಕಡಿಮೆ ಕಾಣುವವರೊಬ್ಬರಿದ್ದಾರೆ, ಅವರಿಗೆ ಹಸಿರುನೀಲಿ ಭಾಗವೆಲ್ಲ ಬೂದು. ಇದಕ್ಕೆ ಕಾರಣ ಮಾನಿಟರಿನಲ್ಲಿಲ್ಲ, ವರ್ಣತಂತುವಿನಲ್ಲಿದೆ. ಚಿತ್ರ ಮಾಡುವವರೆಲ್ಲ ತಿಳಿದಿರಬೇಕಾದ ವಿಷಯ ಇದು.

ಅಕ್ಷಿಪಟಲದಲ್ಲಿ ಬೆಳಕು ಹಿಡಿಯುವ ಪ್ರೋಟೀನುಗಳಿಗೆ ಒಂದೊಂದಕ್ಕೂ ತನ್ನದೇ ಜೀನ್. ನೀಲಿ ಶಂಕುಕೋಶದ್ದು 7ನೇ ವರ್ಣತಂತುವಿನಲ್ಲಿದೆ. ಕೆಂಪು ಮತ್ತು ಹಸಿರಿನವು ಎಕ್ಸ್ ವರ್ಣತಂತುವಿನ ತುದಿಯಲ್ಲಿ ಅಕ್ಕಪಕ್ಕ, ಡಿಎನ್‌ಎ ಅಕ್ಷರಸಾಲು ಬಹುತೇಕ ಒಂದೇ. ತಾಯಿಯಲ್ಲಿ ಅಂಡಾಣು ತಯಾರಾಗುವಾಗ ಎರಡು ಎಕ್ಸ್‌ಗಳು ಜೊತೆಯಾಗಿ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಸಾಲುಗಳು ಹೋಲುವುದರಿಂದ ಕೆಲವೊಮ್ಮೆ ಒಂದು ಮನೆ ಜಾರಿ ಜೋಡಣೆಯಾಗಿಬಿಡುತ್ತದೆ, ಅಂಗಿಯ ಗುಂಡಿ ಪಕ್ಕದ ಕಾಜಿಗೆ ಬಿದ್ದ ಹಾಗೆ. ಆಗ ಒಂದರಲ್ಲಿ ಹಸಿರಿನ ಜೀನ್ ಹೆಚ್ಚುವರಿ, ಇನ್ನೊಂದರಲ್ಲಿ ಇಲ್ಲವೇ ಇಲ್ಲ, ಅಥವಾ ಅರ್ಧ ಕೆಂಪು ಅರ್ಧ ಹಸಿರಿನ ಬೆರಕೆ. ಗಂಡಿಗೆ ಇರುವುದು ಒಂದೇ ಎಕ್ಸ್, ಅದೂ ತಾಯಿಯಿಂದ ಬಂದದ್ದು, ಬದಲಿ ಪ್ರತಿ ಇಲ್ಲ. ಹೆಣ್ಣಿಗೆ ಎರಡಿರುವುದರಿಂದ ಸಾಮಾನ್ಯವಾಗಿ ಇನ್ನೊಂದು ಕೈಹಿಡಿಯುತ್ತದೆ, ಆಕೆ ವಾಹಕಿ ಮಾತ್ರ. ಈ ಕೊರತೆಯಿರುವ ತಂದೆಯ ಹೆಣ್ಣುಮಕ್ಕಳೆಲ್ಲ ವಾಹಕಿಯರು, ಅವರಿಗೆ ಹುಟ್ಟುವ ಪ್ರತಿ ಗಂಡುಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ತಾತನಿಂದ ಮಗಳ ಮಗನಿಗೆ ಹಾರುವುದು ಹೀಗೆ.

ಹೊಲದಲ್ಲಿ ದೂರದರ್ಶಕಕ್ಕೆ ಕಣ್ಣಿಟ್ಟಾಗ ಮಾತ್ರ ಈ ಭೇದ ಇಲ್ಲ. ಕತ್ತಲಲ್ಲಿ ಕೆಲಸ ಮಾಡುವುದು ದಂಡಕೋಶ, ಅದರ ರೊಡಾಪ್ಸಿನ್ ಜೀನ್ 3ನೇ ವರ್ಣತಂತುವಿನಲ್ಲಿದೆ, ಕೆಂಪು-ಹಸಿರಿನ ತಕರಾರಿಗೆ ಸೇರಿದ್ದಲ್ಲ. ಅದರ ಸೂಕ್ಷ್ಮತೆಯ ಶಿಖರ 500 ನ್ಯಾನೋಮೀಟರ್ ಆಸುಪಾಸು, ಓ-ತ್ರೀಯ 500.7ಕ್ಕೆ ಹೇಳಿಮಾಡಿಸಿದಂತೆ. ಎಚ್-ಆಲ್ಫಾಗೆ ಅದು ಸ್ಪಂದಿಸುವುದು ಅದರ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಎಂ42 ಎಲ್ಲರ ಕಣ್ಣಿಗೂ ಹೆಚ್ಚಾಗಿ ಬೂದಾಗಿ ಕಂಡು, ಫೋಟೋದಲ್ಲಷ್ಟೇ ಕೆಂಪಾಗುವುದು ಇದಕ್ಕೇ.

ಕೊನೆಗೆ ನಿಂತ ಸೂತ್ರ ಹೀಗಿದೆ. ಕಿರುಗಿಂಡಿ ಚಿತ್ರದಲ್ಲಿ ಕೆಂಪು ಚಾನೆಲ್ = ಎಚ್-ಆಲ್ಫಾ. ಹಸಿರು = 0.3 ಎಚ್-ಆಲ್ಫಾ + 0.3 ಓ-ತ್ರೀ. ನೀಲಿ = ಓ-ತ್ರೀ. ಜಲಜನಕ ಕಿತ್ತಳೆಗೂ ಆಮ್ಲಜನಕ ನೀಲಿಗೂ ವಾಲುತ್ತವೆ, ಈ ಜೋಡಿ ಕೆಂಪು-ಹಸಿರು ಕೊರತೆಯಿರುವ ಕಣ್ಣಿಗೂ ಬೇರೆಬೇರೆಯಾಗಿ ತೋರುತ್ತದೆ. ಇದನ್ನು ಎಳ್ಳಮಾವಾಸ್ಯೆಯ ಸಹಜ ಬಣ್ಣದ ಚಿತ್ರದ ಜೊತೆ 40-60ರ ಪ್ರಮಾಣದಲ್ಲಿ ಬೆರೆಸಿ, ನಕ್ಷತ್ರಗಳನ್ನು ಸಹಜ ಚಿತ್ರದಿಂದಲೇ ಹಾಕಿದ್ದಾಯಿತು. ಎಂ42ರ ನಡುಭಾಗಕ್ಕೆ 5 ಸೆಕೆಂಡಿನ ಚಿತ್ರ, ಅಂಚು ಮೃದುಗೊಳಿಸಿದ ಮಾಸ್ಕಿನಲ್ಲಿ. ಮಾಸ್ಕಿನ ಮಸುಕು 15 ಪಿಕ್ಸೆಲ್ ಇದ್ದಾಗ ಬಟ್ಟಲಿನ ಸುತ್ತ ಬಳೆಯಂಥ ಗೆರೆ ಉಳಿಯಿತು, 40ಕ್ಕೆ ಏರಿಸಿದಾಗ ಹೋಯಿತು.

ಬಾಕಿ ಇರುವುದು ಕುದುರೆತಲೆಯ ಕೆಳಗಿನ ಕಂದು ಧೂಳು. ಅದಕ್ಕೆ ಫಿಲ್ಟರ್ ಇಲ್ಲದೆ ಕತ್ತಲ ಹೊಲದಲ್ಲಿ ಇನ್ನೂ 300 ಫ್ರೇಮ್ ಬೇಕು. ಶಿವರಾತ್ರಿ ಹೊತ್ತಿಗೆ ಪೂರ್ತಿ ಕತ್ತಲಾಗುವ ಮೊದಲೇ ಕತ್ತಿ ನೆತ್ತಿಯ ಕಡೆಯಿಂದ ಪಶ್ಚಿಮಕ್ಕೆ ವಾಲಿರುತ್ತದೆ, ರಾತ್ರಿ 7.45ರಿಂದ 11ರವರೆಗೆ ಸಿಗುವುದು ಮೂರು ಗಂಟೆ ಚಿಲ್ಲರೆ. ಅಷ್ಟರಲ್ಲಿ 300 ಹಿಡಿಸುತ್ತದೆ, ಧ್ರುವ ಜೋಡಣೆ ಮುಸ್ಸಂಜೆಯಲ್ಲೇ ಮುಗಿದಿದ್ದರೆ.