ನೆಲಮಾಳಿಗೆಯಿಲ್ಲದ ಮನೆಯಲ್ಲಿ ಸಾಮಾನಿನ ಜಾಗ
2025 ಜೂನ್ 14, ಶನಿವಾರ

ಮನೆಯಲ್ಲಿ ಮತ್ತೊಂದು ಬೀರು ಬೇಕೆಂಬ ಮಾತು ಎದ್ದಿದ್ದರಿಂದ, ಅದನ್ನು ತೀರ್ಮಾನಿಸುವ ಮೊದಲು ಇರುವ ಜಾಗ ಎಷ್ಟು, ಅದರಲ್ಲಿ ಬಳಕೆಯಾಗದೆ ಉಳಿದದ್ದೆಷ್ಟು ಎಂಬುದನ್ನು ಇಂದು ಅಳತೆಪಟ್ಟಿ ಹಿಡಿದು ಲೆಕ್ಕ ಹಾಕಿದೆ. ಸಂಜೆಯ ಹೊತ್ತಿಗೆ ನನಗೆ ಸ್ಪಷ್ಟವಾದ ಸಂಗತಿಯೆಂದರೆ, ಮನೆಯಲ್ಲಿ ಜಾಗದ ಕೊರತೆಗಿಂತ ಜಾಗಕ್ಕೆ ಕೈ ಹೋಗುವ ದಾರಿಯ ಕೊರತೆಯೇ ದೊಡ್ಡದು. ಲೆಕ್ಕವನ್ನೂ ಅದರಿಂದ ಹೊಳೆದ ವಿಚಾರಗಳನ್ನೂ ಮರೆಯುವ ಮುನ್ನ ಇಲ್ಲಿ ಬರೆದಿಡುತ್ತಿದ್ದೇನೆ.

ನಮ್ಮ ಮನೆಗೆ ನೆಲಮಾಳಿಗೆಯಿಲ್ಲ. ಚಳಿಗೆ ನೆಲ ಹೆಪ್ಪುಗಟ್ಟುವ ಸೀಮೆಗಳಲ್ಲಿ ಅಡಿಪಾಯವನ್ನು ಆ ಹೆಪ್ಪಿನ ಮಟ್ಟಕ್ಕಿಂತ ಕೆಳಗೆ ಇಳಿಸಲೇಬೇಕು. ಹೇಗೂ ಅಷ್ಟು ಅಗೆದ ಮೇಲೆ ಇನ್ನೂ ಸ್ವಲ್ಪ ಅಗೆದರೆ ಒಂದು ಕೋಣೆಯೇ ಸಿಗುತ್ತದೆ. ಬೆಚ್ಚಗಿನ ಸೀಮೆಗಳಲ್ಲಿ, ಅಂತರ್ಜಲ ಮೇಲೆಯೇ ಇರುವ ಕಡೆ, ಬಂಡೆಯ ಮೇಲೆ ಕಟ್ಟಿದಲ್ಲಿ ಅಂಥ ಅಗತ್ಯವೂ ಇಲ್ಲ, ಅನುಕೂಲವೂ ಇಲ್ಲ. ಆದ್ದರಿಂದ ನೆಲಮಾಳಿಗೆ ಇಲ್ಲದಿರುವುದು ಮನೆಯ ದೋಷವಲ್ಲ. ಆದರೆ ನೆಲಮಾಳಿಗೆ ಒಂದು ವಿಶೇಷ ಸೌಕರ್ಯವನ್ನು ಕೊಡುತ್ತದೆ: ಯಾವ ವಸ್ತು ಎಷ್ಟು ಬಾರಿ ಬೇಕಾಗುತ್ತದೆ, ಅದು ಎಷ್ಟು ಭಾರ ಎಂಬುದನ್ನು ಯೋಚಿಸದೆಯೇ ಎಲ್ಲವನ್ನೂ ಕೆಳಗಿಳಿಸಿ ಬಾಗಿಲು ಹಾಕಿಬಿಡಬಹುದು. ಅದಿಲ್ಲದ ಮನೆಯಲ್ಲಿ ಈ ಯೋಚನೆಯನ್ನು ನಾವೇ ಮಾಡಬೇಕು, ಏಕೆಂದರೆ ಪ್ರತಿಯೊಂದು ಪೆಟ್ಟಿಗೆಯೂ ನಾವು ಓಡಾಡುವ, ಮಲಗುವ, ಕೂರುವ ಜಾಗದಲ್ಲೇ ಪಾಲು ಕೇಳುತ್ತದೆ.

ಹಾಗಾಗಿ ಮೊದಲು ವಸ್ತುಗಳನ್ನು ಅವುಗಳ ಜಾತಿಯಿಂದಲ್ಲ, ಹೊರತೆಗೆಯುವ ಸರದಿಯಿಂದ ವಿಂಗಡಿಸಿದೆ. ದಿನವೂ ಬೇಕಾದವು, ತಿಂಗಳಿಗೊಮ್ಮೆ ಬೇಕಾದವು, ವರ್ಷಕ್ಕೊಮ್ಮೆ ಬೇಕಾದವು, ಇಡಲೇಬೇಕಾದರೂ ತೆಗೆಯುವ ಪ್ರಸಂಗವೇ ಬಾರದವು. ಮೊಣಕಾಲಿನಿಂದ ಭುಜದವರೆಗಿನ ಎತ್ತರ ಹೆಚ್ಚು ಬಾಗದೆ, ಹತ್ತದೆ ಕೈಗೆ ಸಿಗುವ ಪಟ್ಟಿ. ಮನೆಯ ಅತ್ಯಂತ ಬೆಲೆಬಾಳುವ ಜಾಗ ಇದೇ. ನಮ್ಮ ಮನೆಯಲ್ಲಿ ಈ ಪಟ್ಟಿಯ ಬಹುಭಾಗವನ್ನು ಹಳೆಯ ಕಾಗದಪತ್ರಗಳು, ಖಾಲಿ ಸೂಟ್‌ಕೇಸುಗಳು, ಹೆಚ್ಚುವರಿ ಹೊದಿಕೆಗಳು ಆಕ್ರಮಿಸಿಕೊಂಡಿದ್ದವು; ದಿನವೂ ಬೇಕಾದ ವಸ್ತುಗಳು ಮೇಜಿನ ಮೇಲೆ, ಕುರ್ಚಿಯ ಬೆನ್ನಿನ ಮೇಲೆ ನೆಲೆಯಿಲ್ಲದೆ ಬಿದ್ದಿದ್ದವು. ಮನೆ ಕಿಕ್ಕಿರಿದಂತೆ ಕಾಣಲು ಇದೇ ಮುಖ್ಯ ಕಾರಣವೆಂದು ನನಗೆ ಈಗ ಅನ್ನಿಸುತ್ತಿದೆ.

ಅತ್ಯಂತ ಹೆಚ್ಚು ಜಾಗ ಅಡಗಿದ್ದದ್ದು ಮೆಟ್ಟಿಲ ಕೆಳಗೆ. ಸುಮಾರು 2.8 ಮೀಟರ್ ಎತ್ತರಕ್ಕೆ ಏರುವ, 4 ಮೀಟರ್ ಉದ್ದಕ್ಕೆ ಚಾಚಿದ, 90 ಸೆಂ.ಮೀ. ಅಗಲದ ನೇರ ಮೆಟ್ಟಿಲ ಸಾಲಿನ ಕೆಳಗಿನ ತ್ರಿಕೋನದ ಗಾತ್ರ, ಚಪ್ಪಡಿಯ ದಪ್ಪವನ್ನು ಕಳೆದರೂ, 4 ಘನ ಮೀಟರಿಗೆ ಹತ್ತಿರ ಬರುತ್ತದೆ. 1.2 ಮೀಟರ್ ಅಗಲ, 60 ಸೆಂ.ಮೀ. ಆಳ, 2.1 ಮೀಟರ್ ಎತ್ತರದ ಬೀರುವಿನ ಹೊರಗಾತ್ರ ಒಂದೂವರೆ ಘನ ಮೀಟರಷ್ಟೇ. ಎಂದರೆ ಎರಡಕ್ಕೂ ಹೆಚ್ಚು ಬೀರುಗಳಷ್ಟು ಅವಕಾಶ ಅಲ್ಲಿ ಮಲಗಿದೆ. ಆದರೂ ಅದು ಉಪಯೋಗಕ್ಕೆ ಬರುತ್ತಿಲ್ಲ, ಏಕೆಂದರೆ ಅದಕ್ಕಿರುವ ಒಂದೇ ಬಾಗಿಲು ಎತ್ತರದ ತುದಿಯಲ್ಲಿದೆ. ಮುಂದಿನ ಒಂದು ಮೀಟರಿನ ಆಚೆಗೆ ಹೋಗಬೇಕಾದರೆ ಮೊದಲು ಬಾಗಬೇಕು, ಇನ್ನೂ ಒಳಗೆ ಮಂಡಿಯೂರಿ ತೆವಳಬೇಕು. ಹಿಂದೆ ಇಟ್ಟದ್ದನ್ನು ತೆಗೆಯಲು ಮುಂದಿನದನ್ನೆಲ್ಲ ಹೊರಗೆ ಪೇರಿಸಬೇಕು. ಇದೇ ತ್ರಿಕೋನವನ್ನು ಉದ್ದದ ಬದಿಯಿಂದ ತೆರೆದು, ಎತ್ತರದ ಕಡೆ ಎಳೆದು ತೆಗೆಯುವ ಉದ್ದನೆಯ ಕಪಾಟುಗಳನ್ನೂ ಗಿಡ್ಡ ತುದಿಯಲ್ಲಿ ಅಗಲವಾದ ಡ್ರಾಯರುಗಳನ್ನೂ ಕೂರಿಸಿದರೆ, ಹಳಿ ಮತ್ತು ಚೌಕಟ್ಟಿಗೆ ಒಂದಿಷ್ಟು ಗಾತ್ರ ಕಳೆದುಹೋದರೂ ಉಳಿದದ್ದೆಲ್ಲ ನಿಂತಲ್ಲಿಂದಲೇ ಕೈಗೆ ಬರುತ್ತದೆ. ಗಾತ್ರವನ್ನು ಕೊಟ್ಟು ದಾರಿಯನ್ನು ಪಡೆಯುವ ಈ ವಿನಿಮಯ ಸಂಪೂರ್ಣ ಲಾಭದ್ದೆಂದು ನಾನು ನಂಬುತ್ತೇನೆ. ಬದಿಯ ಗೋಡೆ ಮೆಟ್ಟಿಲಿನ ಭಾರವನ್ನು ಹೊತ್ತಿದೆಯೇ ಎಂಬುದನ್ನು ಮಾತ್ರ ಬಲ್ಲ ಎಂಜಿನಿಯರರಿಂದ ಖಚಿತಪಡಿಸಿಕೊಳ್ಳದೆ ಒಂದು ಇಟ್ಟಿಗೆಯನ್ನೂ ಅಲುಗಿಸಬಾರದು.

ಆಳದ ವಿಷಯವನ್ನು ಇನ್ನೂ ಸ್ವಲ್ಪ ಹೇಳಬೇಕು. ಹ್ಯಾಂಗರಿನಲ್ಲಿ ತೂಗುಹಾಕಿದ ಬಟ್ಟೆಗೆ 60 ಸೆಂ.ಮೀ. ಆಳ ಬೇಕು, ಪುಸ್ತಕಕ್ಕೆ 25ರಿಂದ 30 ಸಾಕು, ಡಬ್ಬಿ, ಸೀಸೆಗಳಿಗೆ ಅದಕ್ಕಿಂತಲೂ ಕಡಿಮೆ. ಬಟ್ಟೆಗೆಂದು ಮಾಡಿದ ಆಳದಲ್ಲಿ ಡಬ್ಬಿಗಳನ್ನಿಟ್ಟರೆ ಹಿಂದಿನ ಸಾಲು ಕಣ್ಣಿಗೆ ಬೀಳುವುದಿಲ್ಲ, ಕಣ್ಣಿಗೆ ಬೀಳದ್ದು ಮರೆತುಹೋಗುತ್ತದೆ, ಮರೆತದ್ದನ್ನು ಮತ್ತೆ ಕೊಂಡು ತರುತ್ತೇವೆ. ಆದ್ದರಿಂದ ಆಳ ಹೆಚ್ಚಿದ್ದಲ್ಲಿ ಹಲಗೆಗಿಂತ ಡ್ರಾಯರ್ ಮೇಲು. ಹಲಗೆಯನ್ನೇ ಹಾಕುವುದಾದರೆ ಅದರ ಉದ್ದದ ಬಗ್ಗೆ ಎಚ್ಚರವಿರಬೇಕು. ಮೈಮೇಲೆ ಸಮನಾಗಿ ಭಾರ ಹೊತ್ತ ಹಲಗೆಯ ಬಾಗು ಆಧಾರಗಳ ನಡುವಿನ ಅಂತರದ ನಾಲ್ಕನೆಯ ಘಾತದಂತೆ ಬೆಳೆಯುತ್ತದೆ: 60 ಸೆಂ.ಮೀ. ಅಂತರವನ್ನು 80ಕ್ಕೆ ಹಿಗ್ಗಿಸಿದರೆ ಬಾಗು ಮೂರು ಪಟ್ಟಿಗೂ ಮೀರುತ್ತದೆ, ಅಂತರ ಇಮ್ಮಡಿಯಾದರೆ ಹದಿನಾರು ಪಟ್ಟಾಗುತ್ತದೆ. ಹಲಗೆಯ ದಪ್ಪವನ್ನು ಇಮ್ಮಡಿಸಿದರೆ ಬಾಗು ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಪುಸ್ತಕಗಳ ಒಂದು ಮೀಟರ್ ಸಾಲು ಸುಲಭವಾಗಿ 25 ಕಿಲೋ ತೂಗುವುದರಿಂದ, ಉದ್ದನೆಯ ಅಂದವಾದ ಹಲಗೆಗಿಂತ ನಡುವೆ ಆಧಾರ ಕೊಟ್ಟ ಗಿಡ್ಡ ಹಲಗೆಗಳನ್ನೇ ನಾನು ಆರಿಸಿಕೊಳ್ಳುತ್ತೇನೆ.

ಇನ್ನು ಎತ್ತರ. ಬಾಗಿಲಿನ ನೆತ್ತಿ 2.1 ಮೀಟರಿನಲ್ಲಿ ಮುಗಿದು ಚಾವಣಿ 2.8ರಲ್ಲಿದ್ದರೆ ನಡುವೆ 70 ಸೆಂ.ಮೀ. ಉಳಿಯುತ್ತದೆ. 3 ಮೀಟರಿನ ಒಂದು ಗೋಡೆಯುದ್ದಕ್ಕೆ 35 ಸೆಂ.ಮೀ. ಆಳದ ಹಲಗೆ ಕೂರಿಸಿದರೆ ಅರ್ಧ ಘನ ಮೀಟರಿಗೂ ಹೆಚ್ಚು ಜಾಗ ದೊರೆಯುತ್ತದೆ. ಇಲ್ಲಿ, ಹಾಗೆಯೇ ಅಟ್ಟದಲ್ಲಿ, ಹಗುರವಾದದ್ದು ಮತ್ತು ವರ್ಷಕ್ಕೊಮ್ಮೆ ಬೇಕಾಗುವಂಥದ್ದು ಮಾತ್ರ ಇರಬೇಕು. 40 ಸೆಂ.ಮೀ. ಉದ್ದ, 30 ಅಗಲ, 30 ಎತ್ತರದ ಪೆಟ್ಟಿಗೆಯಲ್ಲಿ ಹಿಡಿಯುವುದು 36 ಲೀಟರ್. ಅದರ ತುಂಬ ಹೊದಿಕೆಯಿದ್ದರೆ ಒಂದೇ ಕೈಯಲ್ಲಿ ಎತ್ತಬಹುದು, ಕಾಗದ ಒತ್ತಿ ತುಂಬಿದರೆ 25 ಕಿಲೋ ದಾಟಬಹುದು. ಅಷ್ಟನ್ನು ಏಣಿಯ ಮೇಲೆ ನಿಂತು ತಲೆಯ ಮೇಲಿನಿಂದ ಇಳಿಸುವ ಸಾಹಸಕ್ಕೆ ಮನೆಯ ಯಾರನ್ನೂ ದೂಡಬಾರದು. ಏಣಿಗೂ ಒಂದು ನಿಶ್ಚಿತ ಜಾಗ ಬೇಕು. ಮಡಚುವ ಏಣಿಯಾದರೆ ಬಾಗಿಲ ಹಿಂದಿನ ಗೋಡೆಯ ಮೇಲೆ ಕೊಕ್ಕೆಗೆ ತೂಗುಹಾಕಬಹುದು. ನೇರವಾಗಿ ಬಿಸಿಲು ಕಾಯುವ ಚಾವಣಿಯ ಕೆಳಗಿನ ಮುಚ್ಚಿದ ಅಟ್ಟದ ಉಷ್ಣತೆ 50 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಆದ್ದರಿಂದ ಫೋಟೋಗಳು, ಔಷಧಿ, ಮೇಣದಬತ್ತಿ, ಬ್ಯಾಟರಿ, ಬಣ್ಣದ ಡಬ್ಬಿಗಳು ಅಲ್ಲಿಗೆ ಸಲ್ಲುವುದಿಲ್ಲ.

ಮಂಚದ ಕೆಳಗಿನ ಜಾಗ ಎಲ್ಲರಿಗೂ ಗೊತ್ತಿರುವುದೇ: 1.5 ಮೀಟರ್ ಅಗಲ, 2 ಮೀಟರ್ ಉದ್ದದ ಮಂಚ ನೆಲದಿಂದ 25 ಸೆಂ.ಮೀ. ಮೇಲಿದ್ದರೆ ಮುಕ್ಕಾಲು ಘನ ಮೀಟರ್, ಎಂದರೆ ಅರ್ಧ ಬೀರು. ಗಾಲಿಯಿರುವ, ಮುಚ್ಚಳವಿರುವ ಚಪ್ಪಟೆ ಪೆಟ್ಟಿಗೆಗಳಿದ್ದರೆ ಅದರ ಕೆಲಸ ಮುಗಿಯಿತು. ಅಡುಗೆಮನೆಯ ಕೆಳಗಪಾಟುಗಳ ಬುಡದಲ್ಲಿ, ಕಾಲ್ಬೆರಳು ತಾಗದಿರಲೆಂದು ಬಿಡುವ 10 ಸೆಂ.ಮೀ. ಎತ್ತರದ ಪಟ್ಟಿಯ ಹಿಂದೆಯೂ ಟೊಳ್ಳು ಜಾಗವಿರುತ್ತದೆ. ತಟ್ಟೆ, ಟ್ರೇಗಳಂಥ ಚಪ್ಪಟೆ ವಸ್ತುಗಳಿಗೆ ಅಲ್ಲೊಂದು ಡ್ರಾಯರ್ ಸಾಧ್ಯ.

ಜಾಗ ಸಿಕ್ಕಿತೆಂದು ತೇವವನ್ನು ಮರೆತರೆ ಇಟ್ಟದ್ದೆಲ್ಲ ಹಾಳು. ಹೊರಗೋಡೆಗೆ ಒತ್ತಿ ನಿಲ್ಲಿಸಿದ ಬೀರುವಿನ ಹಿಂದೆ ಗಾಳಿಯಾಡುವುದಿಲ್ಲ. ಗೋಡೆ ತಣ್ಣಗಾದಾಗ ಕೋಣೆಯ ಗಾಳಿಯಲ್ಲಿದ್ದ ತೇವ ಅಲ್ಲಿ ಸಾಂದ್ರವಾಗಿ ಬೂಷ್ಟು ಕಟ್ಟುತ್ತದೆ, ಮುಗ್ಗಲು ವಾಸನೆ ಬಟ್ಟೆಗಳಿಗೂ ಹತ್ತುತ್ತದೆ. ಬೀರುವಿಗೂ ಹೊರಗೋಡೆಗೂ ನಡುವೆ ನಾಲ್ಕೈದು ಸೆಂ.ಮೀ. ಬಿಡುವುದು, ಪೆಟ್ಟಿಗೆಗಳನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲಿಡುವುದು, ಕೋಣೆಯ ಸಾಪೇಕ್ಷ ಆರ್ದ್ರತೆಯನ್ನು ಶೇ. 60ರೊಳಗೆ ಉಳಿಸಿಕೊಳ್ಳುವುದು, ಇವಿಷ್ಟು ಬಹುಪಾಲು ರಕ್ಷಣೆ ಕೊಡುತ್ತವೆ. ಬಟ್ಟೆ ತಿನ್ನುವ ನುಸಿಯ ಮರಿಹುಳುಗಳು ಉಣ್ಣೆ, ರೇಷ್ಮೆಗಳನ್ನು ತಿನ್ನುತ್ತವೆ, ಬೆವರು ಮತ್ತು ಕಲೆಯಿರುವಲ್ಲಿ ಇನ್ನೂ ಹೆಚ್ಚಾಗಿ. ಒಗೆದು ಪೂರ್ತಿ ಒಣಗಿಸದೆ ಯಾವ ಬಟ್ಟೆಯನ್ನೂ ದೀರ್ಘಕಾಲಕ್ಕೆ ಮುಚ್ಚಿಡಬಾರದು. ಗಾಳಿ ಹೀರಿ ಕುಗ್ಗಿಸುವ ಪ್ಲಾಸ್ಟಿಕ್ ಚೀಲಗಳು ಕೃತಕ ನೂಲಿನ ಹೊದಿಕೆಗಳಿಗೆ ಒಳ್ಳೆಯವು. ಹಕ್ಕಿಯ ಪುಕ್ಕ ತುಂಬಿದ ರಜಾಯಿಯನ್ನು ತಿಂಗಳುಗಟ್ಟಲೆ ಹಾಗೆ ಅದುಮಿಟ್ಟರೆ ಅದರ ಉಬ್ಬು ಕುಂದುತ್ತದೆ. ಅದನ್ನು ಖಾಲಿ ಸೂಟ್‌ಕೇಸಿನಲ್ಲಿ ಸಡಿಲವಾಗಿ ಮಡಚಿಡುವುದೇ ಸರಿ, ಸೂಟ್‌ಕೇಸಿನ ಟೊಳ್ಳಿಗೂ ಒಂದು ಉಪಯೋಗವಾಗುತ್ತದೆ.

ಕೆಲವು ಜಾಗಗಳನ್ನು ಖಾಲಿ ಬಿಡುವುದೂ ಇದೇ ಲೆಕ್ಕದ ಭಾಗ. ವಿದ್ಯುತ್ ಸ್ವಿಚ್ ಫಲಕದ ಮುಂದೆ, ನೀರು ಮತ್ತು ಅನಿಲದ ಕವಾಟಗಳ ಮುಂದೆ, ಹೊರಬಾಗಿಲಿಗೆ ಹೋಗುವ ದಾರಿಯಲ್ಲಿ ಏನನ್ನೂ ಪೇರಿಸಬಾರದು. ಮೆಟ್ಟಿಲು ಬೆಂಕಿಯ ಸಮಯದಲ್ಲಿ ಮೇಲಿನವರು ಇಳಿದುಬರುವ ದಾರಿಯಾದ್ದರಿಂದ ಅದರ ಕೆಳಗೆ ಥಿನ್ನರ್, ಸೀಮೆಎಣ್ಣೆ, ಚಾರ್ಜ್ ಆಗುತ್ತಿರುವ ಲಿಥಿಯಂ ಬ್ಯಾಟರಿ ಇರಕೂಡದು. ಸಿಲಿಂಡರಿನ ಅಡುಗೆ ಅನಿಲ ಗಾಳಿಗಿಂತ ಭಾರ; ಸೋರಿದರೆ ತಗ್ಗಿನಲ್ಲಿ ಕಲೆಯುತ್ತದೆ, ಹೀಗಾಗಿ ಹೆಚ್ಚುವರಿ ಸಿಲಿಂಡರನ್ನು ಗಾಳಿಯಾಡದ ಗೂಡಿನಲ್ಲಿಡುವುದು ಅಪಾಯ. ಎತ್ತರದ ಕಪಾಟುಗಳನ್ನೆಲ್ಲ ಗೋಡೆಗೆ ಬಿಗಿಯಬೇಕು: ಡ್ರಾಯರುಗಳನ್ನು ಒಟ್ಟಿಗೆ ಎಳೆದಾಗ ಭಾರಕೇಂದ್ರ ಮುಂದಕ್ಕೆ ಬರುತ್ತದೆ, ಮಗುವೊಂದು ಅವುಗಳನ್ನೇ ಮೆಟ್ಟಿಲಾಗಿಸಿ ಹತ್ತಿದರೆ ಇಡೀ ಕಪಾಟು ಮೇಲೆ ಬೀಳಬಹುದು. ಮಕ್ಕಳಿರುವ ಮನೆಗಳವರು ಮಿಕ್ಕೆಲ್ಲ ಬಿಟ್ಟು ಈ ಕೆಲಸವನ್ನು ಮೊದಲು ಮಾಡಲೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಮೆಟ್ಟಿಲ ಬದಿಯ ನಕ್ಷೆಯನ್ನು ಗೀಚಿಟ್ಟಿದ್ದೇನೆ. ಗೋಡೆಯ ಪರೀಕ್ಷೆಯಾಗುವವರೆಗೆ ಅದು ಕಾಗದದ ಮೇಲೆಯೇ ಇರುತ್ತದೆ. ಅಷ್ಟರೊಳಗೆ ಹಳೆಯ ಕಾಗದಪತ್ರಗಳನ್ನು ಕೆಳಗಿನ ಗಿಡ್ಡ ಹಲಗೆಗಳಿಗೆ ಇಳಿಸಬೇಕು, ಸೂಟ್‌ಕೇಸುಗಳನ್ನು ಹೊದಿಕೆ ತುಂಬಿ ಮೇಲಕ್ಕೇರಿಸಬೇಕು, ಪ್ರತಿ ಪೆಟ್ಟಿಗೆಯ ನಮಗೆ ಕಾಣುವ ಬದಿಗೆ ಒಳಗಿರುವುದರ ಪಟ್ಟಿಯನ್ನೂ ಕೊನೆಯ ಬಾರಿ ತೆರೆದ ತಿಂಗಳನ್ನೂ ಬರೆದು ಅಂಟಿಸಬೇಕು.