ಊಟದ ಮೇಜಿನ ಕುರ್ಚಿ ಮತ್ತು ನನ್ನ ಬಿಗಿದ ತೊಡೆಗಳು

ಧಾರವಾಡದಲ್ಲಿ ಮಳೆಗಾಲ ಹಿಡಿಯಿತೆಂದರೆ ಕರ್ನಾಟಕ ಕಾಲೇಜಿನ ಮೈದಾನದ ಬೆಳಗಿನ ನಡಿಗೆ ದಿನ ಬಿಟ್ಟು ದಿನ ತಪ್ಪುತ್ತದೆ. ಹುಬ್ಬಳ್ಳಿಯ ಕಚೇರಿಯೊಂದರಲ್ಲಿ ಇಪ್ಪತ್ತಾರು ವರ್ಷ ಕುಳಿತು ಲೆಕ್ಕ ಬರೆದವನು ನಾನು. ಹೋಗಿ ಬರುವ ನಲವತ್ತು ಕಿಲೋಮೀಟರಿನ ದಾರಿಯನ್ನೂ ಬಸ್ಸಿನಲ್ಲಿ ಕುಳಿತೇ ಕಳೆದವನು. ನಿವೃತ್ತಿಯ ಹೊತ್ತಿಗೆ ಬಗ್ಗಿ ಚಪ್ಪಲಿಯ ಬಾರು ಹಾಕಿಕೊಳ್ಳುವುದೇ ಒಂದು ಸಾಹಸವಾಗಿತ್ತು. ನೆಲದ ಮೇಲೆ ಕುಳಿತು ಏಳುವುದು ನನಗೆ ಕಷ್ಟವೆಂದು ಕಂಡುಕೊಂಡ ಫಿಸಿಯೋಥೆರಪಿಸ್ಟ್ ಹುಡುಗಿ, ಸ್ನಾಯುಗಳನ್ನು ಹಿಗ್ಗಿಸುವ ವ್ಯಾಯಾಮಗಳನ್ನು ಕುರ್ಚಿಯ ಮೇಲೆಯೇ ಮಾಡಲು ಹೇಳಿಕೊಟ್ಟಳು.

ಯಾವ ಕುರ್ಚಿ ಎಂದು ನಾನು ಕೇಳಲಿಲ್ಲ. ಮೊದಲ ವಾರ ಪಡಸಾಲೆಯ ಪ್ಲಾಸ್ಟಿಕ್ ಕುರ್ಚಿಯನ್ನೇ ನಡುಮನೆಗೆ ಎಳೆದುಕೊಂಡು ಅದರ ಅಂಚಿಗೆ ಸರಿದು ಕುಳಿತು ಮುಂದಕ್ಕೆ ಬಗ್ಗಿದೆ. ಭಾರವೆಲ್ಲ ಮುಂಗಾಲುಗಳ ಮೇಲೆ ಬಿದ್ದ ಕೂಡಲೇ ಅವು ಹೊರಕ್ಕೆ ಅಗಲಿದವು, ಪಾಲಿಶ್ ಹಾಕಿದ ಕಡಪಾ ಕಲ್ಲಿನ ಮೇಲೆ ಕುರ್ಚಿ ಹಿಂದಕ್ಕೆ ಜಾರಿತು, ನಾನು ನೆಲದ ಮೇಲಿದ್ದೆ. ಪೆಟ್ಟು ದೊಡ್ಡದೇನೂ ಆಗಲಿಲ್ಲ. “ಕುರ್ಚಿ ಗ್ವಾಡಿಗೆ ಹಚ್ಚಿ ಇಟಗೋರಿ ಅಂದ್ರ ಕೇಳಂಗಿಲ್ಲ” ಎಂದು ಮನೆಯಾಕೆ ಅಡುಗೆಮನೆಯಿಂದಲೇ ಹೇಳಿದ ಮಾತು ಮಾತ್ರ ಯಾವ ವೈದ್ಯಕೀಯ ಸಲಹೆಗೂ ಕಡಿಮೆಯದಾಗಿರಲಿಲ್ಲ.

ಅಂದಿನಿಂದ ನಾನು ಬಳಸುತ್ತಿರುವುದು ಊಟದ ಮೇಜಿನ ಕೈಯಿಲ್ಲದ ಕಟ್ಟಿಗೆಯ ಕುರ್ಚಿ. ಅದರ ಬೆನ್ನು ಗೋಡೆಗೆ ತಾಗಿರುತ್ತದೆ, ನಾಲ್ಕೂ ಕಾಲುಗಳ ಕೆಳಗೆ ರಬ್ಬರಿನ ಯೋಗದ ಚಾಪೆ ಇರುತ್ತದೆ. ಮೊದಲು ನವಲಗುಂದದ ಜಮಖಾನೆಯನ್ನು ಹಾಸಿ ನೋಡಿದ್ದೆ. ಹತ್ತಿಯ ಜಮಖಾನೆ ಕಲ್ಲಿನ ಮೇಲೆ ಕುರ್ಚಿಯನ್ನೂ ಕರೆದುಕೊಂಡೇ ಜಾರುತ್ತದೆ. ಗಾಲಿಯ ಕುರ್ಚಿಯನ್ನಂತೂ ಈ ಕೆಲಸಕ್ಕೆ ಮುಟ್ಟಲೇಬಾರದು. ಹಳೆಯ ಬೆತ್ತದ ಕುರ್ಚಿಯೂ ಸರಿಬರುವುದಿಲ್ಲ, ಏಕೆಂದರೆ ನಡುವೆ ಜೋತುಬಿದ್ದ ಬೆತ್ತದಲ್ಲಿ ಕುಳಿತವನ ಸೊಂಟ ತಾನಾಗಿಯೇ ಹಿಂದಕ್ಕೆ ಉರುಳಿ ಬೆನ್ನು ಗೂನಾಗುತ್ತದೆ.

ಊಟದ ಕುರ್ಚಿಗಳು ಸಾಮಾನ್ಯವಾಗಿ 17–18 ಅಂಗುಲ ಎತ್ತರವಿರುತ್ತವೆ. ನನ್ನಂಥ ಗಿಡ್ಡ ಆಸಾಮಿ ಅದರ ಮೇಲೆ ಪೂರ್ತಿ ಹಿಂದಕ್ಕೆ ಸರಿದು ಕುಳಿತರೆ ಹಿಮ್ಮಡಿ ನೆಲಕ್ಕೆ ಮುಟ್ಟುವುದಿಲ್ಲ, ಕುರ್ಚಿಯ ಅಂಚು ತೊಡೆಯ ಹಿಂಬದಿಯನ್ನು ಒತ್ತುತ್ತದೆ, ಸ್ವಲ್ಪ ಹೊತ್ತಿಗೆ ಕಾಲು ಜೋಮು ಹಿಡಿಯುತ್ತದೆ. ಅದಕ್ಕಾಗಿ ಪಾದಗಳ ಕೆಳಗೆ ಊಟದ ಮಣೆಯೊಂದನ್ನು ಇಟ್ಟುಕೊಂಡಿದ್ದೇನೆ. ಪಾದ ಪೂರ್ತಿ ಊರಿದಾಗ ಮೊಣಕಾಲು ಸೊಂಟದ ಮಟ್ಟಕ್ಕೆ ಅಥವಾ ಅದಕ್ಕಿಂತ ತುಸು ಕೆಳಗೆ ಇದ್ದರೆ ಎತ್ತರ ಸರಿಯಾಗಿದೆ ಎಂದರ್ಥ. ಕುರ್ಚಿಯ ಮೇಲೆ ಮಡಚಿದ ಕೌದಿ ಹಾಕಿಕೊಳ್ಳಬಹುದು, ಆದರೆ ಎರಡು ಮಡಿಕೆ ಸಾಕು. ಇನ್ನೂ ದಪ್ಪವಾದರೆ ಕೆಳಗಿನ ಗಟ್ಟಿ ಹಲಗೆಯ ಅರಿವೇ ಆಗುವುದಿಲ್ಲ, ಆ ಅರಿವು ಬೇಕು.

ಏಕೆ ಬೇಕೆಂದರೆ, ಕುಳಿತಾಗ ನಮ್ಮ ಭಾರವನ್ನು ಹೊರುವುದು ಪೃಷ್ಠದ ಒಳಗಿರುವ ಎರಡು ಎಲುಬಿನ ಗುಬಟುಗಳು. ಅಂಗೈಗಳನ್ನು ಮೇಲ್ಮುಖವಾಗಿ ಕೆಳಗೆ ಇಟ್ಟುಕೊಂಡು ಕುಳಿತು ಅತ್ತಿತ್ತ ತೂಗಿದರೆ ಅವು ಬೆರಳಿಗೆ ಸ್ಪಷ್ಟವಾಗಿ ಸಿಗುತ್ತವೆ. ಬೆನ್ನು ಗೂನು ಮಾಡಿದರೆ ಗುಬಟುಗಳು ಮುಂದಕ್ಕೆ ಹೊರಳಿ ಭಾರ ಬಾಲಮೂಳೆಯ ಕಡೆಗೆ ಸರಿಯುವುದು ಕೈಗೇ ತಿಳಿಯುತ್ತದೆ. ನಾನು ಮೊದಲು ಮಾಡುತ್ತಿದ್ದುದು ಅದನ್ನೇ. ಪಾದ ಮುಟ್ಟಿದೆನೆಂದು ಹಿಗ್ಗುತ್ತಿದ್ದವನನ್ನು ನೋಡಿ ಆ ಹುಡುಗಿ, “ಕಾಕಾರ, ನೀವು ಬಗ್ಗಾಕತ್ತಿಲ್ಲರಿ, ಬೆನ್ನು ಮಡಚಾಕತ್ತೀರಿ” ಎಂದಳು. ಬಳಿಕ ಅಪ್ಪನ ಊರುಗೋಲನ್ನು ನನ್ನ ಬೆನ್ನಿಗೆ ಉದ್ದಕ್ಕೆ ಹಿಡಿದು, ತಲೆಯ ಹಿಂಭಾಗ, ಮೇಲ್ಬೆನ್ನು, ಬಾಲಮೂಳೆ ಈ ಮೂರೂ ಕಡೆ ಕೋಲು ತಾಗಿಯೇ ಇರುವಂತೆ ಬಗ್ಗಿಸಿದಳು. ಬಾಗಿಲು ಕೀಲಿನ ಮೇಲೆ ತಿರುಗುವಂತೆ ಇಡೀ ಮುಂಡ ತೊಡೆಯ ಬುಡದಲ್ಲಿ ತಿರುಗಬೇಕು. ಆ ರೀತಿಯಲ್ಲಿ ನಾನು ಬಗ್ಗಲು ಸಾಧ್ಯವಾದದ್ದು ಗೇಣಿನಷ್ಟು ಮಾತ್ರ. ಆದರೆ ತೊಡೆಯ ಹಿಂದೆ ಎಳೆತ ಮೊದಲ ಸಲ ಸರಿಯಾದ ಜಾಗದಲ್ಲಿ ಸಿಕ್ಕಿತು.

ಇದಕ್ಕೆ ಕಾರಣ ಸರಳವಾಗಿದೆ. ತೊಡೆಯ ಹಿಂಬದಿಯ ಸ್ನಾಯುಗಳು ಬಹುಮಟ್ಟಿಗೆ ಅದೇ ಗುಬಟುಗಳಿಂದ ಹೊರಟು ಮೊಣಕಾಲನ್ನು ದಾಟಿ ಕೆಳಗೆ ಅಂಟಿಕೊಂಡಿವೆ. ಒಂದು ಕಾಲನ್ನು ಮುಂದೆ ಚಾಚಿ ಹಿಮ್ಮಡಿಯನ್ನು ನೆಲಕ್ಕೆ ಊರಿ ಸೊಂಟವನ್ನು ಮುಂದಕ್ಕೆ ವಾಲಿಸಿದರೆ ಮೇಲಿನ ತುದಿ ದೂರ ಸರಿದು ಸ್ನಾಯು ಹಿಗ್ಗುತ್ತದೆ. ಬೆನ್ನು ಗೂನಾದರೆ ಆ ತುದಿ ಇದ್ದಲ್ಲೇ ಉಳಿದು ಎಳೆತವೆಲ್ಲ ಕೆಳಬೆನ್ನಿನ ಪಾಲಾಗುತ್ತದೆ. ಚಾಚಿದ ಕಾಲಿನ ಮೊಣಕಾಲನ್ನು ಬಡಿಗೆಯಂತೆ ಸೆಟೆಸುವ ಅಗತ್ಯವಿಲ್ಲ. ಮೀನಖಂಡದಲ್ಲೋ ಅಂಗಾಲಿನಲ್ಲೋ ಜುಮ್ಮೆನ್ನತೊಡಗಿದರೆ ನರವೂ ಎಳೆಯುತ್ತಿದೆ ಎಂದು ತಿಳಿದು ಪಾದವನ್ನು ಸಡಿಲ ಬಿಡಬೇಕು, ಮೊಣಕಾಲನ್ನು ಇನ್ನಷ್ಟು ಮಡಿಸಬೇಕು.

ನನಗೆ ಹೆಚ್ಚು ಉಪಕಾರವಾದದ್ದು ಒಂದು ಕಾಲಿನ ಹರಡನ್ನು, ಅಂದರೆ ಪಾದದ ಕೀಲನ್ನು, ಇನ್ನೊಂದು ತೊಡೆಯ ಮೇಲೆ, ಮೊಣಕಾಲಿನ ಸಮೀಪ, ಅಡ್ಡ ಇಟ್ಟುಕೊಂಡು ಬೆನ್ನು ನೇರವಾಗಿಯೇ ಮುಂದಕ್ಕೆ ವಾಲುವ ವ್ಯಾಯಾಮ. ಪೃಷ್ಠದ ಆಳದ ಬಿಗಿತಕ್ಕೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಚಕ್ಕಳಮಕ್ಕಳ ಹಾಕಿ ಕುಳಿತು ರೊಟ್ಟಿ ತಿನ್ನುತ್ತಿದ್ದ ಕಾಲದಲ್ಲಿ ಈ ಕೀಲು ದಿನಕ್ಕೆ ಎರಡು ಸಲ ತಾನಾಗಿ ತೆರೆದುಕೊಳ್ಳುತ್ತಿತ್ತು. ಊಟದ ಮೇಜು ತಂದವನು ನಾನೇ, ಆದ್ದರಿಂದ ದೂರುವಂತಿಲ್ಲ. ಇಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಮೇಲೆದ್ದ ಮೊಣಕಾಲನ್ನು ಕೈಯಿಂದ ಅದುಮುವುದು. ಮೊಣಕಾಲು ಈ ದಿಕ್ಕಿನಲ್ಲಿ ತಿರುಚಿಕೊಳ್ಳಲು ಹುಟ್ಟಿದ ಕೀಲಲ್ಲ. ಅಲ್ಲಿ ನೋವು ಬಂದರೆ ಕಾಲನ್ನು ಇಳಿಸಿ, ಎರಡೂ ಪಾದಗಳನ್ನು ನೆಲದ ಮೇಲಿಟ್ಟು ಹರಡಿನ ಮೇಲೆ ಹರಡನ್ನಷ್ಟೇ ಕತ್ತರಿಯಂತೆ ಹಾಕಿಕೊಂಡು ವಾಲಿದರೂ ನಡೆಯುತ್ತದೆ.

ಬೆನ್ನು ತಿರುಗಿಸುವಾಗ ಕುರ್ಚಿಯ ಬೆನ್ನನ್ನು ಹಿಡಿದು ಜಗ್ಗಿಕೊಳ್ಳಬಾರದು. ಮೊದಲು ಎತ್ತರವಾಗಿ ಕುಳಿತು, ಉಸಿರು ಬಿಡುತ್ತ ಪಕ್ಕೆಲುಬುಗಳನ್ನು ತಿರುಗಿಸಿ, ಕೈಯನ್ನು ಕೇವಲ ಆಧಾರಕ್ಕೆ ಇಡಬೇಕು. ಎಲುಬು ಸವೆದು ಟೊಳ್ಳಾದವರಿಗೆ (ಆಸ್ಟಿಯೊಪೊರೋಸಿಸ್) ಜೋರಾದ ತಿರುವೂ ಬೆನ್ನು ಗೂನು ಮಾಡಿ ಬಗ್ಗುವುದೂ ಅಪಾಯಕಾರಿ, ಅವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಎಷ್ಟು ಹೊತ್ತು ಎಂಬ ಪ್ರಶ್ನೆಗೆ ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಹೇಳುವ ಅಳತೆಯನ್ನು ನಾನು ಪಾಲಿಸುತ್ತೇನೆ: ವಯಸ್ಕರಿಗೆ ಒಂದು ಸಲಕ್ಕೆ 10ರಿಂದ 30 ಸೆಕೆಂಡು, ವಯಸ್ಸಾದವರಿಗೆ 30ರಿಂದ 60 ಸೆಕೆಂಡು. ಕುಪ್ಪಳಿಸುತ್ತ ಜಗ್ಗಿದರೆ ಸ್ನಾಯುವಿನೊಳಗಿನ ಸಂವೇದಕಗಳು ಅದನ್ನು ಅಪಾಯವೆಂದು ಭಾವಿಸಿ ಸ್ನಾಯುವನ್ನು ಮತ್ತಷ್ಟು ಬಿಗಿಗೊಳಿಸುತ್ತವೆ, ಆದ್ದರಿಂದ ನಿಧಾನವಾಗಿ ಹೋಗಿ ಅಲ್ಲಿಯೇ ನಿಲ್ಲಬೇಕು. ಮಾತನಾಡಲು ಬರದಷ್ಟು ಉಸಿರು ಬಿಗಿಯಾದರೆ ಹೆಚ್ಚಾಯಿತೆಂದೇ ಲೆಕ್ಕ. ತಣ್ಣಗಿನ ಮೈಗೆ ಇದು ಒಗ್ಗುವುದಿಲ್ಲವಾದ್ದರಿಂದ ನಾನು ಮೊದಲು ಐದು ನಿಮಿಷ ಪಡಸಾಲೆಯಲ್ಲಿಯೇ ಓಡಾಡುತ್ತೇನೆ.

ಕುರ್ಚಿಯ ಮೇಲಿನ ವ್ಯಾಯಾಮ ಮುದುಕರ ನೆವವೆಂದು ನಗುವ ಗೆಳೆಯರಿದ್ದಾರೆ. ನಮ್ಮದೇ ನಾಡಿನ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಅವರು ಪುಣೆಯಲ್ಲಿ ಬೆನ್ನಿನ ಹಲಗೆ ತೆಗೆದ ಮಡಚುವ ಕಬ್ಬಿಣದ ಕುರ್ಚಿಗಳನ್ನು ಆಸನಗಳಿಗೆ ಆಧಾರವಾಗಿ ಬಳಸಿದರೆಂದು ಅವರಿಗೆ ಹೇಳುತ್ತೇನೆ. ಅದನ್ನು ಕೇಳಿದ ಒಬ್ಬರು ಮರುದಿನವೇ ಮನೆಯ ಮಡಚುವ ಕುರ್ಚಿಯಲ್ಲಿ ಪ್ರಯೋಗಕ್ಕೆ ಇಳಿದು ಬೆರಳು ಸಿಕ್ಕಿಸಿಕೊಂಡರು.

ಕೊನೆಗೆ ಎದ್ದೇಳುವಾಗ ಬಗ್ಗಿದ ಭಂಗಿಯಿಂದ ಒಮ್ಮೆಲೇ ನಿಲ್ಲಬಾರದು, ತಲೆ ತಿರುಗುತ್ತದೆ. ಕೈಗಳನ್ನು ತೊಡೆಗೆ ಊರಿ ನೇರವಾಗಿ ಕುಳಿತು, ಎರಡು ಮೂರು ಉಸಿರಾದ ಮೇಲೆ ನಿಲ್ಲಬೇಕು. ಬಲಗಾಲಿನ ಚಪ್ಪಲಿಯ ಬಾರನ್ನು ಈಗ ನಾನೇ ಹಾಕಿಕೊಳ್ಳುತ್ತೇನೆ. ಎಡಗಾಲಿನದಕ್ಕೆ ಇನ್ನೂ ಬಾಗಿಲ ಚೌಕಟ್ಟು ಹಿಡಿಯಬೇಕಾಗುತ್ತದೆ.